ಏನೂ ಇಲ್ಲದ ಬಟ್ಟಲು

ಪ್ರೊಫೆಸರ್ ಓರ್ನಿಕ್ ಅವರ ಪಾಠ ಕೇಳಿದವರು ಬೇರೆ ಏನನ್ನು ಮರೆತರೂ ರಾಜಾನಿಲಗಳ ಬಗ್ಗೆ ಅವರು ಹೇಳುತ್ತಿದ್ದ ಮಾತನ್ನು ಮರೆಯುತ್ತಿರಲಿಲ್ಲ. ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್ ಎಂದು ಮೂಲವಸ್ತುಗಳ ಕೋಷ್ಟಕದ ಕೊನೆಯ ಸಾಲನ್ನು ಮೇಲಿನಿಂದ ಕೆಳಕ್ಕೆ ಬರೆದು, ಸೀಮೆಸುಣ್ಣ ಕೆಳಗಿಟ್ಟು ಕೈ ಕೊಡವಿಕೊಂಡು ಹೇಳುತ್ತಿದ್ದರು: "ಹೊಟ್ಟೆ ತುಂಬಿದವನು ಪರರ ಅಡುಗೆಮನೆ ಬಾಗಿಲು ತಟ್ಟೋದಿಲ್ಲ." ಹೀಲಿಯಂ ಒಂದಕ್ಕೆ ಎರಡೇ ಇಲೆಕ್ಟ್ರಾನು ಸಾಕು, ಉಳಿದವಕ್ಕೆ ಪರಮಾಣುವಿನ ಹೊರಗಿನ ಕವಚದಲ್ಲಿ ಎಂಟು ತುಂಬಿರಬೇಕು. ತುಂಬಿದ ಮೇಲೆ ಅವು ಕೊಡುವುದೂ ಇಲ್ಲ, ಬೇಡುವುದೂ ಇಲ್ಲ. ಮಾರಿಬೋರ್ ಪಟ್ಟಣದಲ್ಲಿ ರಸಾಯನ ಕಲಿತ ಎರಡು ತಲೆಮಾರು ಈ ಪಾಠವನ್ನು ಬಾಯಿಪಾಠ ಮಾಡಿತ್ತು. ಯೆಲ್ಕಾ ಲೋರ್ಬೆಕ್ ಕೂಡ ಅವರಲ್ಲಿ ಒಬ್ಬಳು.

ಯೆಲ್ಕಾ ಆಗ ಮೂವತ್ತು ದಾಟಿದ ಹೆಂಗಸು, ಮದುವೆಯಾಗಿರಲಿಲ್ಲ. ಓರ್ನಿಕ್ ಅವರ ಪ್ರಯೋಗಾಲಯದಲ್ಲೇ ಕೆಲಸಕ್ಕಿದ್ದಳು. ಊರ ಹೊರಗೆ, ದ್ರಾವಾ ನದಿಯ ಆಚೆ ದಂಡೆಯಲ್ಲಿ, ಯುದ್ಧಕಾಲದಲ್ಲಿ ಜರ್ಮನರು ಕಟ್ಟಿಸಿದ್ದ ಉಗ್ರಾಣವೊಂದನ್ನು ರಿಪೇರಿ ಮಾಡಿ ಮಾಡಿದ ಪ್ರಯೋಗಾಲಯ ಅದು. ಅಲ್ಲಿ ನಡೆಯುತ್ತಿದ್ದುದು ಫ್ಲೋರಿನ್ ಕೆಲಸ. ಫ್ಲೋರಿನ್ ಎಂದರೆ ಗಾಜನ್ನೂ ಚರ್ಮವನ್ನೂ ತಿನ್ನುವ ಅನಿಲ. ಅದರ ಜೊತೆ ದಿನವಿಡೀ ಇರುವವರು ಒಬ್ಬರನ್ನೊಬ್ಬರು ಕಾಯುತ್ತಿರಬೇಕು. ಯೆಲ್ಕಾಳನ್ನು ಕಾಯುತ್ತಿದ್ದವನು ಸ್ತಾನೆ ಹೋಯ್ನಿಕ್.

ಸ್ತಾನೆಗೆ ಅವಳಿಗಿಂತ ಹತ್ತು ವರ್ಷ ಹೆಚ್ಚು. ಹರೆಯದಲ್ಲಿ ಪೊಹೊರ್ಯೆ ಬೆಟ್ಟದಲ್ಲಿ ಜರ್ಮನರ ವಿರುದ್ಧ ಹೋರಾಡುತ್ತಿದ್ದ ಪಾರ್ಟಿಸಾನರಿಗೆ ಸುದ್ದಿ ಒಯ್ಯುತ್ತಿದ್ದವನು, ಯುದ್ಧ ಮುಗಿದ ಮೇಲೆ ಓದಿ ರಸಾಯನತಜ್ಞನಾದವನು. ಬಾಯಿ ತೆರೆದರೆ ತಮಾಷೆ. ಮಧ್ಯಾಹ್ನ ಊಟದ ಜೊತೆ ವೈನಿಗೆ ಸೋಡಾ ಬೆರೆಸಿಕೊಂಡು ಒಂದು ಲೋಟ ಕುಡಿಯುವುದು ಅವನಿಗೆ ರೂಢಿ. ಆ ಊರಿನಲ್ಲಿ ಅದನ್ನು ಕುಡಿತ ಎಂದು ಯಾರೂ ಕರೆಯುತ್ತಿರಲಿಲ್ಲ. ಅವನ ಹೆಂಡತಿ ಮಾರ್ಯೆತಾ ಬಟ್ಟೆ ಗಿರಣಿಯಲ್ಲಿ ನೇಯುತ್ತಿದ್ದಳು. ಭಾನುವಾರಗಳಲ್ಲಿ ಯೆಲ್ಕಾ ಅವರ ಮನೆಯಲ್ಲಿಯೇ ಉಣ್ಣುತ್ತಿದ್ದಳು. ಕಪ್ಪುಗೋಧಿಯ ಹಿಟ್ಟನ್ನು ಬೇಯಿಸಿ ಮುದ್ದೆ ಮಾಡಿ, ಹಂದಿಯ ಕೊಬ್ಬಿನಲ್ಲಿ ಹುರಿದ ಮಾಂಸದ ಚೂರುಗಳನ್ನು ಮೇಲೆ ಸುರಿದು ಬಡಿಸಿ, "ಈ ಹುಡುಗಿಗೆ ಒಂದು ಗಂಡು ನೋಡ್ರೀ" ಎಂದು ಮಾರ್ಯೆತಾ ಗಂಡನಿಗೆ ಹೇಳುತ್ತಿದ್ದಳು. "ಇವಳೂ ರಾಜಾನಿಲ ಕಣೇ, ಯಾರ ಜೊತೆಗೂ ಕೂಡಲ್ಲ" ಎನ್ನುತ್ತಿದ್ದ ಸ್ತಾನೆ.

ಸಾವಿರದ ಒಂಬೈನೂರ ಅರವತ್ತೆರಡರ ಶರತ್ಕಾಲದಲ್ಲಿ ಸಾಗರದ ಆಚೆಯಿಂದ ಸುದ್ದಿ ಬಂತು. ಕ್ಸೆನಾನನ್ನು ಯಾರೋ ಫ್ಲೋರಿನ್ ಸೇರಿದ್ದ ವಸ್ತುವೊಂದರೊಡನೆ ಕೂಡಿಸಿದ್ದರು. ಪ್ರೊಫೆಸರ್ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೊಮ್ಮೆ ಓದಿದರು. ಆ ವಾರವೆಲ್ಲ ತರಗತಿಯಲ್ಲಿ ಅದರ ಸೊಲ್ಲೆತ್ತಲಿಲ್ಲ. ಕೊನೆಗೆ ಪ್ರಯೋಗಾಲಯಕ್ಕೆ ಬಂದು, ಫ್ಲೋರಿನ್ ಎಂಬುದು ದರೋಡೆಕೋರ, ಅದು ಯಾರ ಮನೆಗಾದರೂ ನುಗ್ಗಿ ದೋಚೀತು, ದರೋಡೆಯನ್ನು ಮದುವೆ ಎಂದು ಯಾರೂ ಕರೆಯಬಾರದು ಎಂದರು. ಆದರೂ ಕೈಯಲ್ಲಿ ಫ್ಲೋರಿನ್ ಇದ್ದು ಸುಮ್ಮನಿರುವುದು ಹೇಗೆ? ಆಸ್ಟ್ರಿಯಾದ ಕಡೆಯಿಂದ ಕ್ಸೆನಾನ್ ತುಂಬಿದ ಸಣ್ಣ ಗಾಜಿನ ಬುರುಡೆಯೊಂದನ್ನು ತರಿಸಿಕೊಳ್ಳಲು ಅವರೇ ಸಹಿ ಹಾಕಿದರು.

ಏಕೆ ಹಾಗಾಗುತ್ತದೆ ಎಂಬುದು ಯೆಲ್ಕಾಗೆ ಆಗಲೇ ಹೊಳೆದಿತ್ತು. ನಿಯಾನ್ ಸಣ್ಣ ಪರಮಾಣು. ಅದರ ಎಂಟು ಇಲೆಕ್ಟ್ರಾನುಗಳು ನಡುವಿನ ಬೀಜಕ್ಕೆ ಅಂಟಿಕೊಂಡೇ ಇರುತ್ತವೆ. ಕ್ಸೆನಾನ್ ದೊಡ್ಡದು, ಕವಚದ ಮೇಲೆ ಕವಚ, ಒಟ್ಟು ಐದು. ಹೊರಗಿನ ಎಂಟು ಬೀಜದಿಂದ ಬಲು ದೂರ. ಸ್ತಾನೆ ಇದನ್ನೇ ತನ್ನ ರೀತಿಯಲ್ಲಿ ಹೇಳಿದ. ದೊಡ್ಡ ಮನೆಯಲ್ಲಿ ಜಗುಲಿಯ ಮೇಲೆ ಮಲಗಿದವರು ರಾತ್ರಿ ಎದ್ದು ಹೋದರೆ ಒಳಗಿನ ಯಜಮಾನನಿಗೆ ಗೊತ್ತಾಗುತ್ತದೆಯೇ ಎಂದ.

ನಿಕ್ಕಲಿನ ಡಬ್ಬಿಯಲ್ಲಿ ಎರಡೂ ಅನಿಲಗಳನ್ನು ತುಂಬಿ, ಕಾಯಿಸಿ, ತಣಿಸಿ ತೆರೆದಾಗ ಡಬ್ಬಿಯ ಗೋಡೆಗೆ ಬಣ್ಣವಿಲ್ಲದ ಹರಳುಗಳು ಹತ್ತಿದ್ದವು. ಆಗಬಾರದು ಎಂದು ಕಲಿತದ್ದು ಕಣ್ಣೆದುರಿಗೆ ಉಪ್ಪಿನ ಹರಳಿನಂತೆ ಮಿನುಗುತ್ತಿತ್ತು. ಪ್ರೊಫೆಸರ್ ಬಗ್ಗಿ ನೋಡಿ, "ಚೆನ್ನಾಗಿದೆ" ಎಂದಷ್ಟೇ ಹೇಳಿ ಹೋದರು. ಆವತ್ತು ಸ್ತಾನೆ ಮಾವನ ದ್ರಾಕ್ಷಿತೋಟದ ವೈನ್ ತಂದಿದ್ದ. ಇಬ್ಬರೂ ಪ್ರಯೋಗದ ಗಾಜಿನ ಲೋಟಗಳಲ್ಲೇ ಕುಡಿದರು.

ಆ ಹರಳು ನೀರಿಗೆ ಬಿದ್ದರೆ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ನೀರು ಮತ್ತು ಫ್ಲೋರಿನ್ ಸೇರಿದರೆ ಗಾಜು ತಿನ್ನುವ ಆಮ್ಲ ಹುಟ್ಟುತ್ತದೆ. ಅದಕ್ಕೆ ಯೆಲ್ಕಾ ಪ್ಲಾಟಿನಂ ಬಟ್ಟಲನ್ನು ತೆಗೆದುಕೊಂಡಳು. ಬಟ್ಟಲನ್ನು ಮುಚ್ಚಿದ ಪಾತ್ರೆಯೊಳಗಿಟ್ಟು, ಹರಳನ್ನು ನೀರಿಗೆ ಹಾಕಿ, ಮೇಲೆದ್ದ ಅನಿಲವನ್ನೆಲ್ಲ ಹಿಡಿದು ಅಳೆದಳು. ಗುಳ್ಳೆಗಳು ಎದ್ದು ಅಡಗಿದವು. ಉಳಿದದ್ದು ತಿಳಿನೀರು. ಕ್ಸೆನಾನ್ ತನ್ನ ಪಾಡಿಗೆ ತಾನು ಹೊರಟುಹೋಯಿತು, ನಂಟು ಮುರಿಯಿತು, ನಾನು ಹೇಳಿದ್ದು ಇದನ್ನೇ ಎಂದರು ಪ್ರೊಫೆಸರ್. ಆದರೆ ಅಳತೆ ಕೂಡಿಬರಲಿಲ್ಲ. ಬರಬೇಕಾಗಿದ್ದ ಕ್ಸೆನಾನಿನಲ್ಲಿ ಮೂರನೆಯ ಒಂದು ಪಾಲು ಎಲ್ಲಿಯೋ ಕಾಣೆಯಾಗಿತ್ತು. ಎಲ್ಲೋ ಕೊಳವೆ ಸೋರಿರಬೇಕು ಎಂದುಕೊಂಡಳು ಯೆಲ್ಕಾ. ಆ ಚಳಿಗೆ ಕೊಳವೆಗಳ ಬಿರಡೆಗಳೆಲ್ಲ ಸೋರುತ್ತಿದ್ದವು. ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಬಟ್ಟಲಿನ ನೀರನ್ನು ಚೆಲ್ಲದೆ ವಿಷದ ಹೊಗೆಯನ್ನು ಹೊರಗೆಳೆಯುವ ಗೂಡಿನ ಹಲಗೆಯ ಮೇಲೆ ಆರಲು ಬಿಟ್ಟು ಬೇರೆ ಕೆಲಸಕ್ಕೆ ಹೋದಳು.

ಫೆಬ್ರುವರಿಯ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದ ಸ್ತಾನೆಗೆ ಪ್ಲಾಟಿನಂ ಬಟ್ಟಲು ಬೇಕಾಯಿತು. ಅದರ ತಳದಲ್ಲಿ ಬಿಳಿಯ ಪುಡಿ ಅಂಟಿಕೊಂಡಿತ್ತು. ಇದು ನಿನ್ನದೇನೇ, ಬೇಕಾ ಎಂದು ಕೇಳಿದ. ಯೆಲ್ಕಾ ಸೋರುವ ಬಿರಡೆಯೊಂದಕ್ಕೆ ಮೇಣ ಬಳಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅದರಲ್ಲಿ ಏನೂ ಇಲ್ಲ ಸ್ತಾನೆ. ಬರೀ ಕಿಟ್ಟ. ಕೆರೆದು ತೊಳೆದುಬಿಡು."

ದೂರದ್ದು ನೋಡಲು ಹಾಕಿದ ಕನ್ನಡಕದಲ್ಲಿ ಸ್ತಾನೆಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಏನನ್ನಾದರೂ ಸೂಕ್ಷ್ಮವಾಗಿ ನೋಡಬೇಕಾದರೆ ಕನ್ನಡಕವನ್ನು ಹಣೆಗೇರಿಸಿ ಮುಖದ ಹತ್ತಿರ ಹಿಡಿಯುತ್ತಿದ್ದ. ಹಾಗೆಯೇ ಹಿಡಿದು ಉಕ್ಕಿನ ಚಮಚದಿಂದ ಒಮ್ಮೆ ಕೆರೆದ.

ಬಂದೂಕಿನ ಸದ್ದಿಗಿಂತ ದೊಡ್ಡ ಸದ್ದು. ಯೆಲ್ಕಾ ತಿರುಗಿದಾಗ ಕಿಟಕಿಯ ಗಾಜು ಇನ್ನೂ ಉದುರುತ್ತಿತ್ತು. ಸ್ತಾನೆ ನಿಂತೇ ಇದ್ದ. ಮುಖವಿದ್ದ ಕಡೆ ಬರೀ ಕೆಂಪು. ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದ. ಅದರಲ್ಲಿ ಕೆಲವು ಬೆರಳುಗಳು ಹೋಗಿದ್ದವು. ಯಾರೋ ದೀಪ ಆರಿಸಿದರೇನೋ ಎಂಬಂತೆ ಅವನು ಶಾಂತವಾಗಿ, "ಯೆಲ್ಕಾ, ನೀನು ಸರಿಯಾಗಿದೀಯಾ?" ಎಂದು ಕೇಳಿದ. ಆಮೇಲೆ ಬಿದ್ದ.

ಆಸ್ಪತ್ರೆಯವರು ಜೀವ ಉಳಿಸಿದರು. ಎರಡೂ ಕಣ್ಣು ಹೋದವು.

ತನಿಖೆಗೆ ಪಿಂಟರ್ ಎಂಬ ಅಧಿಕಾರಿ ಬಂದ. ಒರಟನಲ್ಲ, ಅವಸರದ ಮನುಷ್ಯ. ಗಾಯಾಳುವನ್ನು ಎತ್ತಿಕೊಂಡು ಹೋದ ಆಸ್ಪತ್ರೆಯವರು ಬಾಯಲ್ಲಿ ವೈನ್ ವಾಸನೆ ಇತ್ತೆಂದು ಹೇಳಿದ್ದರು. ಪ್ಲಾಟಿನಂ ಬಟ್ಟಲು ಎಲೆಕೋಸಿನ ಎಲೆಯ ಹಾಗೆ ಹರಿದು ಸುರುಳಿಯಾಗಿತ್ತು. ಅಷ್ಟು ಹರಿಯಬೇಕಾದರೆ ಅದರಲ್ಲಿ ಸಿಡಿಮದ್ದಿನಂಥ ಏನೋ ಇರಬೇಕು. ಏನಿತ್ತು ಎಂದು ಪಿಂಟರ್ ಕೇಳಿದ. ರಾಜಾನಿಲ ಸಿಡಿಯುವುದು ಸಾಧ್ಯವಿಲ್ಲ, ಕ್ಸೆನಾನ್ ಅಷ್ಟೂ ನೀರಿನಿಂದ ಹೊರಗೆ ಹೋಗಿತ್ತು, ಹೋಯ್ನಿಕ್ ಅದಕ್ಕೆ ಬೇರೆ ಏನನ್ನೋ ಬೆರೆಸಿರಬೇಕು ಎಂದು ಪ್ರೊಫೆಸರ್ ಉತ್ತರಿಸಿದರು. ಅವರು ಸುಳ್ಳು ಹೇಳಲಿಲ್ಲ. ಅವರು ನಂಬಿದ್ದುದೇ ಅದನ್ನು. ಯೆಲ್ಕಾಳನ್ನು ಪಿಂಟರ್ ಕೇಳಿದ್ದು, ಅವನು ಏನಾದರೂ ಬೆರೆಸಿದ್ದನ್ನು ನೀವು ಕಂಡಿರಾ ಎಂದು. ಇಲ್ಲ, ಬೆನ್ನು ತಿರುಗಿಸಿ ನಿಂತಿದ್ದೆ ಎಂದಳು. ನೀವು ಅವನಿಗೆ ಏನು ಹೇಳಿದಿರಿ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಪಾನಮತ್ತನಾಗಿ ಅಜಾಗರೂಕತೆಯಿಂದ ನಡೆದುಕೊಂಡದ್ದೇ ಅವಘಡಕ್ಕೆ ಕಾರಣ ಎಂದು ತೀರ್ಮಾನವಾಯಿತು. ಅದು ಊರೆಲ್ಲ ಹಬ್ಬಿತು. ಗಿರಣಿಯಲ್ಲಿ ಮಗ್ಗದ ಸದ್ದಿನ ನಡುವೆಯೂ ಹೆಂಗಸರು ಆಡಿಕೊಂಡದ್ದು ಮಾರ್ಯೆತಾಳ ಕಿವಿಗೆ ಬೀಳುತ್ತಿತ್ತು.

ಯೆಲ್ಕಾಗೆ ನಿದ್ದೆ ಹಾರಿಹೋಯಿತು. ಆ ಮೂರನೆಯ ಒಂದು ಪಾಲು ಎಲ್ಲಿ ಹೋಯಿತು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಸೋರಲಿಲ್ಲ ಎಂದಾದರೆ ಅದು ನೀರಿನಲ್ಲೇ ಉಳಿದಿತ್ತು. ನೀರಿನಲ್ಲಿ ಉಳಿಯಬೇಕಾದರೆ ಯಾವುದನ್ನಾದರೂ ಹಿಡಿದುಕೊಂಡಿರಬೇಕು, ಮತ್ತು ಅಲ್ಲಿ ಹಿಡಿದುಕೊಳ್ಳಲು ಇದ್ದದ್ದು ಆಮ್ಲಜನಕ ಒಂದೇ. ಫ್ಲೋರಿನ್ ಬಾಗಿಲು ಒಡೆದು ಹೋದ ಮನೆಗೆ ಆಮ್ಲಜನಕ ನುಗ್ಗಿತ್ತು. ಹಾಗೆ ಕೂಡಿದ್ದು ಮನಸ್ಸಿಟ್ಟು ಕೂಡಿದ್ದಲ್ಲ. ಕ್ಸೆನಾನಿಗೆ ತನ್ನ ಎಂಟನ್ನು ವಾಪಸು ಪಡೆದು ಒಂಟಿಯಾಗುವ ಆತುರ ಇದ್ದೇ ಇತ್ತು. ಬಿಡುಗಡೆಗೆ ಒಂದು ಚಮಚ ತಾಗಿದರೆ ಸಾಕು. ಬಿಟ್ಟರೆ ಎಲ್ಲವೂ ಒಟ್ಟಿಗೇ ಬಿಡುತ್ತದೆ. ಇದು ಅವಳಿಗೆ ಹೊಳೆದದ್ದು ದ್ರಾವಾ ಸೇತುವೆಯ ಮೇಲೆ, ಪ್ರಯೋಗಾಲಯದಿಂದ ನಡೆದು ಬರುವಾಗ. ಹೊಳೆದ ಕೂಡಲೆ ಕಂಬಿ ಹಿಡಿದು ನಿಂತಳು.

ಮಾರನೆಯ ದಿನ ಸ್ತಾನೆಯ ಮನೆಗೆ ಹೋದಳು. ಅವನು ಆಸ್ಪತ್ರೆಯಿಂದ ಬಂದಿದ್ದ. ಹೆಂಚಿನ ಒಲೆಗೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕೂತಿದ್ದ, ಕಣ್ಣಿಗೆ ಬಿಳಿ ಪಟ್ಟಿ. ಮಾರ್ಯೆತಾ ಕಾಫಿಗೆ ನೀರಿಟ್ಟಳು. ಅವಳಿಗೆ ಯೆಲ್ಕಾ ಬಂದದ್ದು ಸಮಾಧಾನವೇ ಆಗಿತ್ತು, ಉಳಿದ ಯಾರೂ ಬಂದಿರಲಿಲ್ಲ. ಯೆಲ್ಕಾ ಕೋಟು ಬಿಚ್ಚದೆ ನಿಂತೇ ಎಲ್ಲವನ್ನೂ ಹೇಳಿದಳು. ಸಿಡಿದದ್ದು ಕ್ಸೆನಾನೇ ಎಂದಳು. ಅಳತೆ ಕೂಡಿಬರದಿದ್ದುದು ತನಗೆ ಗೊತ್ತಿತ್ತು ಎಂದಳು. ಏನೂ ಇಲ್ಲ, ಕೆರೆದು ತೊಳೆ ಎಂದದ್ದು ತಾನು ಎಂದಳು.

ಸ್ತಾನೆ ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ನೀನು ಹಾಗಂದಿದ್ದು ನನಗೆ ನೆನಪಿತ್ತು ಕಣೇ" ಎಂದ. "ಪಿಂಟರ್ ಬಂದು ಮಂಚದ ಪಕ್ಕ ಕೂತು ಕೇಳ್ದ. ಕೆರೆ ಅಂತ ಯಾರಾದರೂ ಹೇಳಿದ್ರಾ ಅಂತ. ಇಲ್ಲ ಅಂದೆ."

"ಯಾಕೆ?"

"ನನ್ನ ಕಣ್ಣಂತೂ ಹೋಗಿದೆ. ನಿನ್ನ ಕೆಲಸಾನೂ ಯಾಕೆ ಹೋಗಬೇಕು? ಆ ಹರಳು ಮಾಡಿದವಳು ನೀನು."

ಒಲೆಯ ಬಳಿ ಮಾರ್ಯೆತಾ ಕದಲದೆ ನಿಂತಿದ್ದಳು. ನೀರು ಕುದಿದು ಉಕ್ಕಿ ಒಲೆಯ ಮೇಲೆ ಚುರ್ರೆಂದರೂ ಪಾತ್ರೆ ಇಳಿಸಲಿಲ್ಲ. ಗಂಡನನ್ನು ನೋಡಿದಳು. ಅವನಿಗೆ ಆ ನೋಟ ಕಾಣುವಂತಿರಲಿಲ್ಲ. ಆಮೇಲೆ ಯೆಲ್ಕಾಳ ಕಡೆ ತಿರುಗಿದಳು. ಎಂಟು ವರ್ಷ ಏಕವಚನದಲ್ಲಿ ಕರೆಯುತ್ತಿದ್ದವಳು ಆಗ ಬಹುವಚನಕ್ಕೆ ಬಂದಳು.

"ನನ್ನ ಗಂಡನಿಗೆ ಕುಡುಕ ಅಂತ ಊರೆಲ್ಲ ಅಂದಾಗ ನೀವು ಎಲ್ಲಿದ್ರಿ? ಗಿರಣೀಲಿ ಆ ಮಾತು ಕೇಳಿಸ್ಕೊಂಡು ನೂಲು ಕಟ್ಟಿದವಳು ನಾನು. ಇವತ್ತು ನಿಮ್ಮ ಎದೆ ಹಗುರ ಮಾಡ್ಕೊಳ್ಳೋಕೆ ಬಂದ್ರಾ? ಎದ್ದು ಹೋಗಿ."

ಯೆಲ್ಕಾ ನಿಂತೇ ಇದ್ದವಳು, ಏಳುವ ಪ್ರಶ್ನೆ ಇರಲಿಲ್ಲ. ಬಾಗಿಲು ತೆರೆದು ಹೊರಗೆ ಬಂದಳು. ಒಳಗೆ ಸ್ತಾನೆ ಹೆಂಡತಿಗೆ ಏನೋ ಹೇಳುತ್ತಿದ್ದುದು ಕೇಳಿಸಿತು.

ಯೆಲ್ಕಾ ಇದನ್ನು ಪ್ರೊಫೆಸರಿಗೂ ಹೇಳಿದಳು. ಅವರು ಮೊದಲು ನಂಬಲಿಲ್ಲ. ಆಮ್ಲಜನಕದ ಕೈಲಿ ಅದು ಆಗದು, ಲೆಕ್ಕ ತಪ್ಪಿದ್ದೀಯೆ ಎಂದರು. ಹಾಗಾದರೆ ಮಾಡಿ ತೋರಿಸುತ್ತೇನೆ ಎಂದಳು ಯೆಲ್ಕಾ. ಅವರು ಅವಳ ಮುಖ ನೋಡಿ, ಬೇಡ ಎನ್ನುವ ಧೈರ್ಯ ಮಾಡಲಿಲ್ಲ. ಪಿಂಟರನನ್ನೂ ಕರೆಸಿದರು. ಈ ಸಲ ಯೆಲ್ಕಾ ಸಾಸಿವೆಕಾಳಿನಷ್ಟನ್ನೇ ಮಾಡಿದಳು. ಹರಳನ್ನು ನೀರಿಗೆ ಹಾಕಿ, ಆ ನೀರಿನ ಒಂದೇ ಒಂದು ಹನಿಯನ್ನು ತಗಡಿನ ಮೇಲಿಟ್ಟು, ದಪ್ಪ ಉಕ್ಕಿನ ಹಲಗೆಯ ಹಿಂದೆ ಆರಲು ಬಿಟ್ಟಳು. ಹನಿ ಇದ್ದ ಕಡೆ ಬಿಳಿಯ ಕಲೆಯೊಂದು ಉಳಿಯಿತು. ಪಿಂಟರ್ ಅದನ್ನು ನೋಡಿ, ಇಷ್ಟಕ್ಕೇ ನಮ್ಮನ್ನು ಕರೆಸಿದಿರಾ ಎಂಬಂತೆ ತುಟಿ ಕೊಂಕಿಸಿದ. ಯೆಲ್ಕಾ ಉದ್ದನೆಯ ಬಿದಿರಿನ ಕೋಲಿಗೆ ಹಕ್ಕಿಯ ಗರಿಯೊಂದನ್ನು ಕಟ್ಟಿದ್ದಳು. ಅದನ್ನು ಹಲಗೆಯ ಬದಿಯಿಂದ ಚಾಚಿ ಕಲೆಗೆ ಸೋಕಿಸಿದಳು.

ತಗಡಿನಲ್ಲಿ ತೂತು ಬಿತ್ತು. ಗರಿ ಸಿಗಲಿಲ್ಲ. ಪಿಂಟರ್ ಗೋಡೆಗೆ ಒರಗಿ ನಿಂತಿದ್ದ, ಮುಖದಲ್ಲಿ ರಕ್ತ ಇರಲಿಲ್ಲ. ಪ್ರೊಫೆಸರ್ ತಗಡಿನ ಹತ್ತಿರ ಹೋಗಿ ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು.

ರಾಜಾನಿಲ ಹೀಗೆ ಸಿಡಿಯುತ್ತದೆ ಎಂದು ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ಬರೆದುಕೊಳ್ಳುತ್ತೇನೆ, ಯಾರ ತಪ್ಪೂ ಇಲ್ಲ ಎಂದಾಗುತ್ತದೆ ಎಂದ ಪಿಂಟರ್. ಅಳತೆ ಕೂಡಿಬರದಿದ್ದುದನ್ನೂ ತಾನು ಸ್ತಾನೆಗೆ ಹೇಳಿದ ಮಾತನ್ನೂ ಬರೆದುಕೊಳ್ಳಬೇಕು ಎಂದಳು ಯೆಲ್ಕಾ. ಪ್ರೊಫೆಸರ್ ಅವಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು.

"ಅವನ ಹೆಸರು ತೊಳೀತಲ್ಲ, ಸಾಲದಾ? ನಿನ್ನ ತಲೆ ಯಾಕೆ ನೀನೇ ಕೊಡ್ತೀಯ? ಆ ಅಳತೆ ನಾನೂ ನೋಡಿದ್ದೆ. ನಾನೂ ಸೋರಿಕೆ ಅಂತಲೇ ಅಂದ್ಕೊಂಡೆ."

"ಹಾಗಾದ್ರೆ ಅದನ್ನ ನೀವು ಹೇಳಿ, ಪ್ರೊಫೆಸರ್."

ಅವರು ಕಿಟಕಿಯ ಕಡೆ ನೋಡಿದರು. ಅವರಿಗೆ ಆಗಲೇ ಅರವತ್ತು ದಾಟಿತ್ತು, ನಿವೃತ್ತಿ ಹತ್ತಿರವಿತ್ತು. ಕೊನೆಗೂ ಹೇಳಲಿಲ್ಲ.

ಯೆಲ್ಕಾ ತಾನೇ ಹೇಳಿದಳು. ತನಿಖೆಯ ವರದಿಯಲ್ಲಿ ಸ್ತಾನೆಯ ಹೆಸರಿನ ಮುಂದಿದ್ದ ಕುಡಿತದ ಮಾತು ಅಳಿಸಿಹೋಯಿತು. ಆ ಜಾಗಕ್ಕೆ ಅವಳ ಹೆಸರು ಬಂತು: ಗಮನಕ್ಕೆ ಬಂದ ಕೊರತೆಯನ್ನು ಕಡೆಗಣಿಸಿ ಸಹೋದ್ಯೋಗಿಗೆ ತಪ್ಪು ಸೂಚನೆ ಕೊಟ್ಟವಳು. ಪ್ರಯೋಗಾಲಯದ ಕೆಲಸ ಹೋಯಿತು. ಹಾಗೆಂದು ಊರಿನವರ ಬಾಯಿ ಮುಚ್ಚಲಿಲ್ಲ. ಮೊದಲ ಸುದ್ದಿ ಕೇಳಿದವರೆಲ್ಲ ಎರಡನೆಯದನ್ನು ಕೇಳಲಿಲ್ಲ. ಹೋಯ್ನಿಕ್ ಎಂದರೆ ಕುಡಿದು ಕಣ್ಣು ಕಳಕೊಂಡವನು ಎಂದು ಹೇಳುವವರು ಹೇಳುತ್ತಲೇ ಇದ್ದರು. ಬೇಸಗೆಯಲ್ಲಿ ಹೊರದೇಶದ ಪತ್ರಿಕೆಯೊಂದು ಬಂತು. ಅಲ್ಲಿಯೂ ಅದೇ ಬಿಳಿ ಪುಡಿ ಸಿಡಿದಿತ್ತು, ಅದಕ್ಕೆ ಹೆಸರೂ ಬಿದ್ದಿತ್ತು, ಮುಟ್ಟುವವರು ಎಚ್ಚರ ಎಂದು ಬರೆದಿತ್ತು. ಯೆಲ್ಕಾ ಅದನ್ನು ಗ್ರಂಥಾಲಯದಲ್ಲಿ ನಿಂತು ಓದಿ ಕಪಾಟಿನಲ್ಲಿ ವಾಪಸು ಇಟ್ಟಳು. ಓರ್ನಿಕ್ ಅದೇ ವರ್ಷ ನಿವೃತ್ತರಾದರು, ಫ್ಲೋರಿನ್ ಕೆಲಸ ನಿಂತುಹೋಯಿತು. ಉಗ್ರಾಣ ಮತ್ತೆ ಉಗ್ರಾಣವಾಯಿತು.

ಅವಳಿಗೆ ಪ್ತುಯ್ ಊರಿನ ಶಾಲೆಯಲ್ಲಿ ರಸಾಯನ ಪಾಠ ಹೇಳುವ ಕೆಲಸ ಸಿಕ್ಕಿತು. ಮಕ್ಕಳು ಅವಳನ್ನು ಕಂಡರೆ ಹೆದರುತ್ತಿದ್ದರು. ತೊಳೆಯದ ಬಟ್ಟಲೊಂದು ಮೇಜಿನ ಮೇಲೆ ಕಂಡರೆ ಅವಳು ಇಡೀ ತರಗತಿಯನ್ನು ಹೊರಗೆ ಕಳಿಸುತ್ತಿದ್ದಳು. ಕೋಷ್ಟಕದ ಕೊನೆಯ ಸಾಲಿನ ಪಾಠ ಬಂದಾಗ ಪುಸ್ತಕದಲ್ಲಿ ಇವು ಯಾವುದರೊಡನೆಯೂ ಕೂಡುವುದಿಲ್ಲ ಎಂಬ ಹಳೆಯ ಮಾತೇ ಇನ್ನೂ ಇತ್ತು. ಅದರ ಮೇಲೆ ಗೆರೆ ಎಳೆಯಿರಿ ಎಂದು ಮಕ್ಕಳಿಗೆ ಹೇಳುತ್ತಿದ್ದಳು. ಯಾಕೆ ಎಂದು ಕೇಳಿದವರಿಗೆ ಕವಚಗಳ ಲೆಕ್ಕ ಹೇಳುತ್ತಿದ್ದಳು, ಉಳಿದದ್ದನ್ನು ಹೇಳುತ್ತಿರಲಿಲ್ಲ. ಮಾರಿಬೋರಿಗೆ ಹೋಗುವುದನ್ನು ಆದಷ್ಟು ತಪ್ಪಿಸಿಕೊಳ್ಳುತ್ತಿದ್ದಳು. ಒಮ್ಮೆ ಸಂತೆಯಲ್ಲಿ ದೂರದಿಂದ ಮಾರ್ಯೆತಾಳನ್ನು ಕಂಡಳು. ಮಾರ್ಯೆತಾಳೂ ಅವಳನ್ನು ಕಂಡಳು, ಕೋಸಿನ ರಾಶಿಯ ಕಡೆ ತಿರುಗಿಕೊಂಡಳು.

ಕೆಲವು ವರ್ಷಗಳ ಮೇಲೆ ಮಕ್ಕಳನ್ನು ಮಾರಿಬೋರಿನ ಲಾರಿ ಕಾರ್ಖಾನೆ ನೋಡಲು ಕರೆದೊಯ್ಯಬೇಕಾಗಿ ಬಂತು. ಶಾಲೆಯ ಕಚೇರಿಯಿಂದ ಅಲ್ಲಿಗೆ ಫೋನ್ ಮಾಡಿದಳು. ಆ ಕಡೆಯಿಂದ ಗಂಡಸಿನ ದನಿ ಕಾರ್ಖಾನೆಯ ಹೆಸರು ಹೇಳಿ ಯಾರು ಬೇಕು ಎಂದಿತು. ಕಣ್ಣಿಲ್ಲದವರಿಗೆ ಟೆಲಿಫೋನ್ ಕೆಲಸ ಕಲಿಸುತ್ತಾರೆ ಎಂಬುದು ಅವಳಿಗೆ ಗೊತ್ತಿದ್ದ ವಿಷಯವೇ. ಆದರೂ ಆ ದನಿ ಇಲ್ಲಿ ಕೇಳಿಸೀತು ಎಂದುಕೊಂಡಿರಲಿಲ್ಲ.

"ಸ್ತಾನೆ?" ಎಂದಳು.

ಅವನು ಅವಳ ಹೆಸರು ಹೇಳಿದ. ಚೆನ್ನಾಗಿದ್ದೀಯಾ ಎಂದು ಇಬ್ಬರೂ ಕೇಳಲಿಲ್ಲ. ದನಿ ಹಿಂದಿನದೇ, ಆದರೆ ತಮಾಷೆಯ ಸುಳಿವು ಎಲ್ಲಿಯೂ ಇರಲಿಲ್ಲ.

"ನಿನ್ನ ಜೊತೆ ಮಾತಾಡಲ್ಲ ಅಂತ ಮಾರ್ಯೆತಾಗೆ ಮಾತು ಕೊಟ್ಟಿದೀನಿ" ಎಂದ. "ಬದುಕಿರೋವರೆಗೂ ಅವಳೇ ನನ್ನ ಕೈ ಹಿಡಿದು ನಡೆಸಬೇಕಲ್ಲ. ಯಾವ ವಿಭಾಗ ಬೇಕು ಹೇಳು, ಕೊಡ್ತೀನಿ."

ಯೆಲ್ಕಾ ವಿಭಾಗದ ಹೆಸರು ಹೇಳಿದಳು. ಸ್ವಲ್ಪ ತಡಿ ಎಂದ. ಕಟ್ ಎಂಬ ಸದ್ದಾಗಿ ಹೆಂಗಸೊಬ್ಬಳು ಫೋನ್ ಎತ್ತಿಕೊಂಡು ಏನು ಬೇಕಾಗಿತ್ತು ಎಂದು ಕೇಳಿದಳು. ಎರಡನೆಯ ಸಲ ಕೇಳಿದಾಗ ಯೆಲ್ಕಾ ಮಕ್ಕಳು ಎಷ್ಟು ಜನ, ಯಾವ ದಿನ ಬರುತ್ತಾರೆ ಎಂದು ಹೇಳತೊಡಗಿದಳು.